ಮೊದಲ ಎಲೆ

ಪೂನಾ
12-10-1958

ಶ್ಯಾಮಲಾ,

ಆರು ತಿಂಗಳಿಂದ ಸುದ್ದಿಯಿಲ್ಲದವಳು ಇದ್ದಕ್ಕಿದ್ದಂತೆ ಕಾಗದ ಬರೆದಿದ್ದಾಳೆಂದರೆ ಏನೋ ಬೇಕಾಗಿರಬೇಕು ಅಂತ ನೀನು ಅಂದುಕೊಂಡಿರುತ್ತೀಯ. ಸರಿಯಾಗಿಯೇ ಅಂದುಕೊಂಡಿದ್ದೀಯ. ನನಗೆ ನಿಮ್ಮ ಮನೆಯ ರೇಷ್ಮೆಹುಳು ಬೇಕು. ನಾಲ್ಕನೇ ಸಲ ಪೊರೆ ಬಿಟ್ಟು ಎದ್ದು, ಹಗಲು ರಾತ್ರಿ ಸೊಪ್ಪು ಮೇಯುತ್ತವಲ್ಲ, ಅಂಥವು. ಒಂದು ಬುಟ್ಟಿಯಷ್ಟು.

ಯಾಕೆ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿನಗೆ ಊಟ ಸೇರುವುದಿಲ್ಲ. ಇಲ್ಲಿ ನಮ್ಮ ಪ್ರಯೋಗಶಾಲೆಗೆ ಫೇಸ್ ಕಾಂಟ್ರಾಸ್ಟ್ ಅನ್ನುವ ಹೊಸ ಮೈಕ್ರೋಸ್ಕೋಪು ಬಂದಿದೆ. ಶಿಡ್ಲಘಟ್ಟದಲ್ಲಿ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಗಾಜಿಗೆ ಸವರಿ, ರೋಗ ಇದೆಯಾ ಅಂತ ನೋಡುತ್ತಾರಲ್ಲ, ಆ ಮೈಕ್ರೋಸ್ಕೋಪು ಬೇರೆ. ಅದರಲ್ಲಿ ಜೀವಕೋಶದ ಒಳಗಿನದು ಕಾಣಬೇಕಾದರೆ ಮೊದಲು ಕೊಲ್ಲಬೇಕು, ಆಮೇಲೆ ಬಣ್ಣ ಹಾಕಬೇಕು. ಬದುಕಿರುವ ಕೋಶ ನೀರಿನ ಹಾಗೆ ತಿಳಿ. ಬೆಳಕು ಅದನ್ನು ದಾಟಿ ಬಂದರೂ ನಮ್ಮ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಒಳಗೆ ದಪ್ಪಗಿರುವ ಕಡೆ ಬೆಳಕು ಒಂದಿಷ್ಟು ತಡವಾಗಿ ದಾಟುತ್ತದೆ. ಈ ಹೊಸ ಯಂತ್ರ ಆ ತಡವನ್ನೇ ಹಿಡಿದು ಕಪ್ಪು ಬಿಳುಪು ಮಾಡಿ ತೋರಿಸುತ್ತದೆ. ಜೀವ ಹೋಗಬೇಕಾಗಿಲ್ಲ.

ಗಂಡು ಹುಳದ ಹೊಟ್ಟೆಯಲ್ಲಿ ಮುಂದೆ ಬೀಜವಾಗುವ ಕೋಶಗಳಿರುತ್ತವೆ. ಅವುಗಳಲ್ಲಿ ಒಂದು, ಬದುಕಿದ್ದ ಹಾಗೇ, ಒಡೆದು ಎರಡಾಗುವುದನ್ನು ಮೊದಲಿನಿಂದ ಕೊನೆಯವರೆಗೆ ಫಿಲ್ಮಿಗೆ ಹಿಡಿಯಬೇಕು. ಇದೇ ನನ್ನ ಕೆಲಸ. ನನ್ನ ಜೊತೆಯವನೊಬ್ಬ ಸತ್ತ ಕೋಶಗಳ ಗಾಜುಗಳನ್ನು ಸಾಲಾಗಿ ಇಟ್ಟುಕೊಂಡು, ನಡುವೆ ಏನಾಗಿರಬಹುದು ಅಂತ ಊಹಿಸಿ, 'ಕಂಡೆವು' ಅಂತ ಬರೆದ. ಕಾಣದ್ದನ್ನು ಕಂಡೆ ಅನ್ನುವುದು ಸುಳ್ಳು ಅಂತ ಎಲ್ಲರ ಎದುರಿಗೇ ಅಂದೆ. ಅಂದಿನಿಂದ ಅವನು ನನ್ನ ಜೊತೆ ಮಾತಾಡುವುದಿಲ್ಲ. ಬೇಡ ಬಿಡು.

ನಿಮ್ಮ ಮನೆಯದೇ ಯಾಕೆ ಬೇಕು ಗೊತ್ತೇನೇ? ನಿಮ್ಮ ತವರಿನ ಹುಳದ ಮನೆ ನೆನಪಾಯಿತು. ನಿಮ್ಮಮ್ಮ ಓಬಳಮ್ಮನವರು ಹುಳಕ್ಕೆ ಸೊಪ್ಪು ಹಾಕುವ ಮೊದಲು ಒಂದು ಎಲೆ ತಮ್ಮ ಬಾಯಿಗಿಟ್ಟುಕೊಂಡು ಅಗಿಯುತ್ತಿದ್ದರು. 'ತಾನು ತಿನ್ದೇ ಇರೋದನ್ನ ಮಕ್ಕಳಿಗೆ ಹಾಕ್ಬಾರ್ದು ಕಣ್ರಮ್ಮ' ಅಂತ ನಮಗೂ ಒಂದೊಂದು ಕೊಡುತ್ತಿದ್ದರು. ನಾನು ಮೇಷ್ಟ್ರ ಮಗಳು, ಹಸಿರು ನಾಲಿಗೆ ಹೊತ್ತು ಮನೆಗೆ ಹೋಗಿ ಅಜ್ಜಿಯ ಕೈಲಿ ಬೈಸಿಕೊಳ್ಳುತ್ತಿದ್ದೆ.

ಬೇಗ ಬರೆ. ಅಂಚೆಯವನ ದಾರಿ ಕಾದು ಕಾದು ನನಗೆ ಹುಚ್ಚು ಹಿಡಿದರೆ ನೀನೇ ಹೊಣೆ.

ನಿನ್ನ
ಪಂಕಜ


ಮೇಲೂರು
30-10-1958

ಪಂಕಜಾ,

ಅಂತೂ ಕಾರ್ಯವಾಸಿ ಕತ್ತೆಯ ಕಾಲು ಹಿಡಿದೆ. ಕತ್ತೆ ಒಪ್ಪಿಕೊಂಡಿದೆ. ನಮ್ಮ ಯಜಮಾನರು ಮುಂದಿನ ವಾರ ಗೂಡು ಮಾರಲು ಬೆಂಗಳೂರಿಗೆ ಹೋಗುತ್ತಾರೆ. ಪೂನಾ ರೈಲಿಗೆ ಬುಟ್ಟಿ ಹಾಕಿ ಬರುತ್ತಾರೆ. 'ಹುಳಾನ ಸಿನಿಮಾ ತೆಗೀತಾರಾ? ನನ್ದೊಂದು ತೆಗೀಬಾರ್ದಾ?' ಅಂತ ನಿನ್ನನ್ನು ಕೇಳಬೇಕಂತೆ.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಅಂತ ಎರಡು ದಿನದಿಂದ ಒದ್ದಾಡಿದೆ. ನನಗೆ ಮೂರು ತಿಂಗಳು. ನನ್ನ ತಾಯಿಗೂ ಹೇಳಿಲ್ಲ, ನೀನೂ ಯಾರಿಗೂ ಹೇಳಬೇಡ. ಹೋದ ಎರಡು ಸಲವೂ ಎಲ್ಲರಿಗೂ ಹೇಳಿಕೊಂಡು ಓಡಾಡಿ, ಐದು ತುಂಬುವ ಮೊದಲೇ ಕಳೆದುಕೊಂಡೆ. ಈ ಸಲ ಇದೊಂದು ನಿಂತರೆ ಸಾಕು ಕಣೇ, ಇನ್ನೇನೂ ಬೇಡ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಕೂರಬೇಕು ಅನ್ನಿಸುತ್ತದೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಏನಾದರೂ ಗೊತ್ತಾಗುತ್ತದಾ ಅಂತ ನೋಡುತ್ತೇನೆ. ಇಷ್ಟು ಬೇಗ ಏನು ಗೊತ್ತಾಗುತ್ತದೆ!

ಅತ್ತೆ ಅಕ್ಕಯ್ಯಮ್ಮನವರು ನನಗೆ ಬಿಂದಿಗೆ ಎತ್ತಲು ಬಿಡುವುದಿಲ್ಲ. ಊರಲ್ಲಿ ಅತ್ತೆಯರ ಕಥೆ ಏನೇನೋ ಕೇಳುತ್ತೇವೆ, ನನ್ನ ಅತ್ತೆ ಹಾಗಲ್ಲ. ಎರಡನೆಯದು ಹೋದಾಗ ನನಗಿಂತ ಜಾಸ್ತಿ ಅತ್ತವರು ಅವರೇ. ಅವರಿಗೆ ಮಂಡಿ ನೋವು, ಹಾಗಾಗಿ ಹುಳಕ್ಕೆ ಸೊಪ್ಪು ಹಾಕುವುದು ಮಾತ್ರ ನನ್ನ ಕೆಲಸ.

ಮೊದಲ ಎಲೆ ನಾನು ಈಗಲೂ ಬಿಟ್ಟಿಲ್ಲ! ಆದರೆ ಕದ್ದು. ಅತ್ತೆಯ ತವರು ಹಿಂದೂಪುರದ ಕಡೆ. ಬಾಯಿ ಮುಟ್ಟಿದ ಕೈಯಲ್ಲಿ ಸೊಪ್ಪು ಮುಟ್ಟಿದರೆ ಎಂಜಲು, ಹುಳಕ್ಕೆ ಆಗದು ಅನ್ನುತ್ತಾರೆ. ಅವರು ಆ ಕಡೆ ತಿರುಗಿದಾಗ ಒಂದು ಚಿಗುರು ಬಾಯಿಗೆ ಹಾಕಿಕೊಂಡು, ಸೆರಗಿಗೆ ಕೈ ಒರೆಸಿಕೊಂಡುಬಿಡುತ್ತೇನೆ. ಅವರಿಗೂ ಅವರದೇ ಒಂದು ಗುಟ್ಟಿದೆ ಅನ್ನು. ಹುಳಕ್ಕೆ ಕಣ್ಣು ಬೀಳದಿರಲಿ ಅಂತ ಏನೋ ಮಾಡುತ್ತಾರೆ. ಹೊರಗೆ ಹೇಳಿದರೆ ಫಲ ಇಲ್ಲವಂತೆ. ನೀನು ಬೇರೆ ನಗುವವಳು, ನಿನಗಂತೂ ಹೇಳುವುದಿಲ್ಲ.

ಹುಳು ಬಂದ ಕೂಡಲೇ ಬರೆ.

ಶ್ಯಾಮಲ


ಪೂನಾ
24-11-1958

ಶ್ಯಾಮಲಾ,

ಬುಟ್ಟಿ ಬಂತು. ಸುದ್ದಿ ಅದಕ್ಕಿಂತ ಮೊದಲು ಬಂತು. ಖುಷಿಯಾಯಿತು ಅಂತ ಬರೆಯಲು ಹೊರಟರೆ ಭಯವೂ ಜೊತೆಗೇ ಬರುತ್ತದೆ, ಅದಕ್ಕೇ ಇಷ್ಟಕ್ಕೇ ಬಿಡುತ್ತೇನೆ. ಭಾರ ಎತ್ತಬೇಡ.

ಹುಳದ ರಕ್ತದ ಒಂದು ಹನಿಯಲ್ಲೇ ಕೋಶಗಳನ್ನು ತೇಲಿಸಿ, ಗಾಜು ಮುಚ್ಚಿ, ಅಂಚಿಗೆ ಮೇಣ ಹಚ್ಚಿ ನೋಡಿದೆ. ಶ್ಯಾಮಲಾ, ಅವು ಒಂದು ಗಳಿಗೆ ಸುಮ್ಮನಿರುವುದಿಲ್ಲ ಕಣೇ! ಪುಸ್ತಕದಲ್ಲಿ ಕೋಶ ಅಂದರೆ ಒಂದು ಸುತ್ತು, ನಡುವೆ ಒಂದು ಬೊಟ್ಟು. ಇಲ್ಲಿ ಒಳಗೆಲ್ಲ ಓಡಾಟ. ಸಣ್ಣ ಸಣ್ಣ ಎಳೆಗಳು ಹೊರಳುತ್ತವೆ, ಕಾಳುಗಳು ಅತ್ತ ಹೋಗಿ ಇತ್ತ ಬರುತ್ತವೆ, ಶಿಡ್ಲಘಟ್ಟದ ಸಂತೆಯ ಹಾಗೆ. ಸುಮ್ಮನೆ ಕೂರಲಾರದವಳು ನೀನೊಬ್ಬಳೇ ಅಂದುಕೊಂಡಿದ್ದೆ. ಒಡೆಯುವ ಕಾಲ ಬಂದಾಗ ನಡುವಿನ ಬೊಟ್ಟು ಕರಗಿ, ಕಪ್ಪು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ತಾಯಿ ತಂದೆಯಿಂದ ಬಂದದ್ದೆಲ್ಲ ಆ ಚುಕ್ಕೆಗಳಲ್ಲಿ ಇರುವುದು. ಅವು ಕೋಶದ ನಡುವೆ ಬಂದು ಸೇರುತ್ತವೆ.

ಮಿಕ್ಕದ್ದು ಇನ್ನೊಂದು ಸಲ. ಇನ್ನೊಂದು ಬುಟ್ಟಿ ಕಳಿಸುತ್ತೀಯಾ? ನನ್ನ ಕೈ ಇನ್ನೂ ಪಳಗಿಲ್ಲ.

ಪಂಕಜ


ಮೇಲೂರು
18-12-1958

ಪಂಕಜಾ,

ನಡುವೆ ಬಂದು ಸೇರುತ್ತವೆ ಅಂತ ಬರೆದು ಅಲ್ಲಿಗೇ ನಿಲ್ಲಿಸಿಬಿಟ್ಟೆಯಲ್ಲ, ಆಮೇಲೆ ಏನಾಯಿತು? ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೀನು ಏನನ್ನೋ ಬಾಯಲ್ಲಿ ಇಟ್ಟುಕೊಂಡು ಮಾತಾಡುವ ಹಾಗಿದೆ. ಚಿಕ್ಕಂದಿನಿಂದ ನಿನ್ನನ್ನು ಕಂಡಿಲ್ಲವೇ ನಾನು.

ನನ್ನದು ಕೇಳು. ಹೋದ ವಾರ ಸೀರೆಗೆ ಸ್ವಲ್ಪ ಕೆಂಪು ಕಂಡಿತು. ಅತ್ತೆ ಹಾಸಿಗೆ ಹಾಸಿ ಮಲಗಿಸಿದರು. ಮಾರನೆಯ ದಿನ ನಿಂತಿತು. ನಾಲ್ಕು ದಿನಕ್ಕೆ ಮತ್ತೆ ಎದ್ದು ಹುಳದ ಮನೆಗೆ ಹೋದೆ. ಮಲಗಿದ್ದರೆ ಯೋಚನೆ ತಿನ್ನುತ್ತದೆ, ಹುಳಕ್ಕೆ ಸೊಪ್ಪು ಹಾಕುತ್ತಿದ್ದರೆ ಆ ಚರಪರ ಸದ್ದಿಗೆ ಮನಸ್ಸು ಸ್ವಲ್ಪ ಕೂರುತ್ತದೆ. ಅತ್ತೆ ತಮ್ಮ ಗುಟ್ಟಿನ ಕೆಲಸವನ್ನು ಬೆಳಿಗ್ಗೆ ಮಾತ್ರ ಮಾಡುತ್ತಿದ್ದವರು ಈಗ ಸಂಜೆಯೂ ಮಾಡುತ್ತಿದ್ದಾರೆ. ಹುಳ ಬೇರೆಯಲ್ಲ, ಸೊಸೆ ಬೇರೆಯಲ್ಲ, ಬಿದ್ದಿರುವ ಕಣ್ಣು ಒಂದೇ ಅನ್ನುತ್ತಾರೆ.

ಅವರು ಹೇಳುವುದರಲ್ಲೂ ಏನೋ ಇದೆ. ನಮ್ಮ ಮನೆಯಲ್ಲಿ ಬಿತ್ತನೆಗೆ ಇಟ್ಟ ಗೂಡಿನಿಂದ ಚಿಟ್ಟೆ ಬರುತ್ತದೆ, ಮೊಟ್ಟೆಯೂ ಇಡುತ್ತದೆ, ಮೊಟ್ಟೆ ಒಡೆಯುವುದಿಲ್ಲ. ನಾಲ್ಕೈದು ವರ್ಷದಿಂದ ಹೀಗೇ. ಸರ್ಕಾರಿ ಮೊಟ್ಟೆ ಹಾಳೆ ತಂದು ಸಾಕುತ್ತೇವೆ. ಮೊನ್ನೆ ಬಾವಿಯ ಹತ್ತಿರ ಪಕ್ಕದ ಮನೆಯ ಮಂಗಮ್ಮ, ನಾನು ಇರುವುದನ್ನು ನೋಡಿಯೂ, 'ಆ ಮನೇಲಿ ಮೊಟ್ಟೇನೂ ಒಡೆಯಲ್ಲ, ಬಸುರೂ ನಿಲ್ಲಲ್ಲ' ಅಂದಳು. ಕಾಲು ತೊಳೆಯಲು ಹೋದವಳು ತೊಳೆಯದೇ ಬಂದುಬಿಟ್ಟೆ.

ಜೀವ ಹೋಗದ ಹಾಗೆ ಒಳಗೆ ನೋಡುವ ಯಂತ್ರ ಅಂದೆಯಲ್ಲ. ನನ್ನ ಹೊಟ್ಟೆಯೊಳಗೆ ನೋಡಲು ಆಗುತ್ತದಾ? ನಗಬೇಡ. ಇನ್ನೊಂದು ಬುಟ್ಟಿ ಕಳಿಸಿದ್ದೇನೆ.

ಶ್ಯಾಮಲ


ಪೂನಾ
9-1-1959

ಶ್ಯಾಮಲಾ,

ಸಿಕ್ಕಿಬಿದ್ದೆ. ನಿಜ ಬರೆಯುತ್ತೇನೆ. ಚುಕ್ಕೆಗಳು ನಡುವೆ ಬಂದು ಸೇರಿದ ಮೇಲೆ ಎರಡು ಪಾಲಾಗಿ ಆ ಕಡೆಗೊಂದು ಈ ಕಡೆಗೊಂದು ಸರಿಯಬೇಕು. ಸರಿಯಲಿಲ್ಲ. ಅಲ್ಲೇ ಗುಂಪಾಗಿ ನಿಂತವು. ನಾನು ಎದ್ದು ಹೋಗಿ ಬಂದೆ, ಕಾಫಿ ಕುಡಿದು ಬಂದೆ, ಅಲ್ಲೇ ನಿಂತಿದ್ದವು. ಕೋಶ ಸತ್ತಿರಲಿಲ್ಲ, ಸುತ್ತಲೂ ಓಡಾಟ ಇದ್ದೇ ಇತ್ತು. ದೀಪದ ಶಾಖ ಹೆಚ್ಚಾಯಿತೋ, ನನ್ನ ಕೈ ಒರಟೋ ಅಂತ ಏನೇನೋ ಬದಲಾಯಿಸಿದೆ. ಎರಡನೇ ಬುಟ್ಟಿಯ ಹುಳದಲ್ಲಿ ಇನ್ನೂ ಕೆಟ್ಟದಾಗಿತ್ತು. ನನಗೆ ಇನ್ನು ಈ ಕೆಲಸ ಆಗುವುದಿಲ್ಲ ಅಂತ ಊರಿಗೆ ಬರಲು ಪೆಟ್ಟಿಗೆಯನ್ನೂ ಕಟ್ಟಿದ್ದೆ.

ಆಮೇಲೆ ಅಪ್ಪ ಚಿಕ್ಕಬಳ್ಳಾಪುರದ ಕಡೆಯ ಸರ್ಕಾರಿ ರೇಷ್ಮೆ ಫಾರಮಿನಿಂದ ಹುಳು ಕಳಿಸಿದರು. ಅದೇ ಗಾಜು, ಅದೇ ದೀಪ, ಅದೇ ನನ್ನ ಕೈ. ಚುಕ್ಕೆಗಳು ಸೇರಿದವು, ಎರಡಾಗಿ ಸರಿದವು. ಕ್ಯಾಮೆರಾ ಹಾಕುವಷ್ಟರಲ್ಲಿ ಮುಗಿದೇ ಹೋಯಿತು. ಅಲ್ಲಿಗೆ ನನ್ನ ಕೈಯಲ್ಲಿ ತಪ್ಪಿಲ್ಲ. ನಿಮ್ಮ ಹುಳದಲ್ಲೇ ಏನೋ ಇದೆ.

ನಮ್ಮ ಪಕ್ಕದ ಕೋಣೆಯಲ್ಲಿ ಗಿಡಗಳ ಮೇಲೆ ಕೆಲಸ ಮಾಡುವವರಿದ್ದಾರೆ. ಅವರು ಈರುಳ್ಳಿಯ ಬೇರನ್ನು ಕಾಲ್ಚಿಸಿನ್ ಅನ್ನುವ ವಿಷದಲ್ಲಿ ಅದ್ದುತ್ತಾರೆ. ಅದು ಕೋಶ ಒಡೆಯುವುದನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತದೆ. ನಿಮ್ಮ ಹುಳದ ಕೋಶ ತದ್ವತ್ ಹಾಗೇ ಕಾಣುತ್ತದೆ. ಆದರೆ ಅದು ಯಾವುದೋ ವಿದೇಶದ ಹೂವಿನ ಗಡ್ಡೆಯಿಂದ ತೆಗೆದು ಸಣ್ಣ ಶೀಶೆಯಲ್ಲಿ ಬರುವಂಥದ್ದು, ಮೇಲೂರಿಗೆ ಎಲ್ಲಿಂದ ಬರಬೇಕು?

ನಿಮ್ಮ ಮನೆಯಲ್ಲಿ ಹುಳವನ್ನು ಹೇಗೆ ಸಾಕುತ್ತೀರಿ? ಏನಾದರೂ ತಪ್ಪು ಮಾಡುತ್ತಿದ್ದೀರಾ? ಮೊಟ್ಟೆ ಒಡೆಯದಿರುವುದಕ್ಕೂ ಇದೇ ಕಾರಣ ಇರಬೇಕು. ಮುಚ್ಚಿಡದೆ ಬರೆ.

ಹೊಟ್ಟೆಯೊಳಗೆ ನೋಡಲು ಈ ಯಂತ್ರಕ್ಕೆ ಆಗುವುದಿಲ್ಲ.

ಪಂಕಜ


ಮೇಲೂರು
20-1-1959

ಪಂಕಜಾ,

ಓದಿದೆ. ನಿನ್ನ ಕೈಯಲ್ಲಿ ತಪ್ಪಿಲ್ಲ, ನನ್ನ ಕೈಯಲ್ಲಿ ತಪ್ಪಿದೆ. ಮಂಗಮ್ಮ ಬಾವಿಯ ಹತ್ತಿರ ಅಂದದ್ದನ್ನೇ ನೀನು ಪೂನಾದಿಂದ ಸ್ಟಾಂಪು ಅಂಟಿಸಿ ಕಳಿಸಿದ್ದೀಯ. ನಾನು ಮುಟ್ಟಿದ ಹುಳವೂ ಒಳಗೆ ನಿಂತುಹೋಗುತ್ತದೆ ಅಂತ ತಾನೇ? ಆರನೇ ತಿಂಗಳಿಗೆ ಬಿದ್ದಿರುವವಳಿಗೆ ಬರೆಯುವ ಮಾತಾ ಇದು? ಮೂರು ದಿನ ಅನ್ನ ಇಳಿಯಲಿಲ್ಲ. ಮತ್ತೆ ಎರಡು ಸಲ ಕೆಂಪು ಕಂಡಿತು, ಅದನ್ನು ನಿನಗೆ ಬರೆದಿರಲಿಲ್ಲ. ಬರೆದಿದ್ದರೆ ಅದಕ್ಕೂ ನೀನು ಒಂದು ತಪ್ಪು ಹುಡುಕುತ್ತಿದ್ದೆ.

ನಾವು ತಪ್ಪು ಮಾಡುತ್ತೇವಾ? ನಮ್ಮಷ್ಟು ಜೋಪಾನವಾಗಿ ಈ ಊರಲ್ಲಿ ಯಾರು ಹುಳ ಸಾಕುತ್ತಾರೆ ಬಂದು ನೋಡು. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಒದ್ದೆ ಸೊಪ್ಪು ಹಾಕುವುದಿಲ್ಲ. ಹೇಳಬಾರದ್ದನ್ನೂ ಹೇಳಿಬಿಡುತ್ತೇನೆ, ಫಲ ಹೋದರೆ ಹೋಗಲಿ. ನಾನು ಮದುವೆಯಾಗಿ ಬಂದ ಎರಡನೇ ವರ್ಷ ಹುಳವೆಲ್ಲ ಕೊಳೆತು ಸತ್ತವು. ಅವತ್ತಿನಿಂದ ನನ್ನ ಅತ್ತೆ ದಿನಾ ಬೆಳಿಗ್ಗೆ ಅಡವಿನಾಭಿ ಗಡ್ಡೆಯನ್ನು ಕಲ್ಲಿನ ಮೇಲೆ ತೇಯ್ದು, ನೀರಿಗೆ ಕದಡಿ, ಸೊಪ್ಪಿನ ರಾಶಿಯ ಮೇಲೆ ಚಿಮುಕಿಸಿ, ನೆರಳಲ್ಲಿ ಆರಿಸಿ ಕೊಡುತ್ತಾರೆ. ಅದೇ, ಬೇಲಿಯಲ್ಲಿ ಹಬ್ಬಿ ಕೆಂಪು ಹಳದಿ ಬೆಂಕಿ ನಾಲಿಗೆಯಂಥ ಹೂ ಬಿಡುತ್ತದಲ್ಲ, ನೀವು ಗೌರಿ ಹೂವು ಅನ್ನುವುದು, ಅದರ ಗಡ್ಡೆ. ಇರುವೆ ಬರುವುದಿಲ್ಲ, ಕಣ್ಣು ತಾಗುವುದಿಲ್ಲ. ವಿಷ ಅಂತ ನಮಗೂ ಗೊತ್ತು. ಆದರೆ ಬಿಂದಿಗೆ ನೀರಿಗೆ ಒಂದಿಷ್ಟು ತೇಯ್ದರೆ ವಿಷ ಎಲ್ಲಿರುತ್ತದೆ? ದಿನವೆಲ್ಲ ಅದನ್ನೇ ತಿನ್ನುವ ಹುಳ ಸತ್ತಿವೆಯಾ? ಗೂಡು ಕಟ್ಟುತ್ತಿಲ್ಲವಾ? ನೋವಿನ ಮಂಡಿ ಮಡಚಿಕೊಂಡು ಕೂತು ತೇಯುವ ಮುದುಕಿಗೆ ನೀನು ತಪ್ಪು ಹೊರಿಸುತ್ತೀಯ.

ಇನ್ನು ನಿನಗೆ ಹುಳು ಕಳಿಸುವುದಿಲ್ಲ. ಫಾರಮಿನಿಂದಲೇ ತರಿಸಿಕೋ.

ಶ್ಯಾಮಲಮ್ಮ, ರಾಮಾಂಜಿನಪ್ಪನವರ ಹೆಂಡತಿ


ತಂತಿ
ಪೂನಾ, 24-1-1959

ಶ್ಯಾಮಲಮ್ಮ, ಮೇಲೂರು, ಶಿಡ್ಲಘಟ್ಟ ತಾಲ್ಲೂಕು
ಹಿಪ್ಪುನೇರಳೆ ಎಲೆ ಬಾಯಿಗೆ ಇಡಬೇಡ. ಒಂದನ್ನೂ ಇಡಬೇಡ. ಕಾಗದ ಬರುತ್ತಿದೆ. ಪಂಕಜ


ಪೂನಾ
24-1-1959

ಶ್ಯಾಮಲಾ,

ಬೈಯಿ, ಎಷ್ಟು ಬೇಕಾದರೂ ಬೈಯಿ, ಆದರೆ ಇದನ್ನು ಪೂರ್ತಿ ಓದು.

ನಿನ್ನ ಕಾಗದ ಹಿಡಿದು ಪಕ್ಕದ ಕೋಣೆಗೆ ಓಡಿದೆ. ಗೌರಿ ಹೂವಿನ ಗಡ್ಡೆ ಅಂದ ಕೂಡಲೇ ಅಲ್ಲಿದ್ದವರು ಪುಸ್ತಕ ತೆಗೆದು ತೋರಿಸಿದರು. ಆ ಶೀಶೆಯ ವಿಷ ಇದೆಯಲ್ಲ, ಕಾಲ್ಚಿಸಿನ್, ಅದೇ ಈ ಗಡ್ಡೆಯಲ್ಲೂ ಇದೆ. ವಿದೇಶದಿಂದ ಬರಬೇಕಾಗಿಲ್ಲ, ನಿಮ್ಮ ಬೇಲಿಯಲ್ಲೇ ಇತ್ತು.

ಹುಳ ಸತ್ತಿವೆಯಾ ಅಂತ ಕೇಳಿದ್ದೀಯ. ಸತ್ತಿಲ್ಲ. ಸಾಯುವಷ್ಟು ಅದರಲ್ಲಿಲ್ಲ. ಹುಳ ಮೇಯುತ್ತದೆ, ಗೂಡು ಕಟ್ಟುತ್ತದೆ, ಮೇಲೆ ನೋಡಿದರೆ ಚೆನ್ನಾಗಿಯೇ ಇದೆ. ಒಳಗೆ ಮಾತ್ರ ಒಂದು ಎರಡಾಗುವುದು ನಿಂತುಹೋಗಿರುತ್ತದೆ. ಕೊಂದು ಬಣ್ಣ ಹಾಕಿ ನೋಡಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ಒಡೆಯುವ ನಡುವೆ ಸಿಕ್ಕಿದ ಕೋಶ ಅಂದುಕೊಂಡು ಬಿಟ್ಟುಬಿಡುತ್ತಿದ್ದೆ. ಬದುಕಿರುವಾಗ ಕಾದು ನೋಡಿದ್ದರಿಂದ ಅದು ಮುಂದೆ ಹೋಗುತ್ತಲೇ ಇಲ್ಲ ಅನ್ನುವುದು ಕಂಡಿತು.

ನೀನು ಅತ್ತೆಗೆ ಕಾಣದ ಹಾಗೆ ಮೊದಲ ಎಲೆ ತಿನ್ನುತ್ತೀಯ. ಅತ್ತೆ ಆ ಎಲೆಗೆ ಈ ನೀರು ಚಿಮುಕಿಸಿರುತ್ತಾರೆ. ನಿನ್ನ ಹೊಟ್ಟೆಯೊಳಗಿನ ಮಗುವೂ ಹೀಗೇ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯಬೇಕು. ಇಷ್ಟೇ ನಾನು ಹೇಳುವುದು. ಒಂದು ಚಿಗುರಿನಲ್ಲಿ ಎಷ್ಟು ವಿಷ ಇರುತ್ತದೋ, ಅಷ್ಟಕ್ಕೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಮುಂಚಿನ ಎರಡೂ ಇದರಿಂದಲೇ ಹೋದವಾ ಅಂತ ನೀನು ಕೇಳುತ್ತೀಯ. ಗೊತ್ತಿಲ್ಲ. ಕಾಣದ್ದನ್ನು ನಾನು ಹೇಳಲಾರೆ. ಆದರೆ ಇವತ್ತಿನಿಂದ ತಿನ್ನಬೇಡ. ಆ ಸೊಪ್ಪು ಮುಟ್ಟಿದ ಕೈಯನ್ನೂ ತೊಳೆಯದೆ ಬಾಯಿಗೆ ತರಬೇಡ. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗಿ ಲೇಡಿ ಡಾಕ್ಟರಿಗೆ ಎಲ್ಲ ಹೇಳು.

ನಿನ್ನ ಕೈ ತಪ್ಪು ಅಂತ ನಾನು ಬರೆಯಲಿಲ್ಲ ಕಣೇ. ಆದರೆ ಬರೆದದ್ದು ಹಾಗೇ ಇತ್ತು. ಒಂದೇ ಒಂದು ಸಾಲು ಬರೆ, ಬಿಟ್ಟೆ ಅಂತ.

ಪಂಕಜ


ಪೂನಾ
12-2-1959

ಶ್ಯಾಮಲಾ,

ತಂತಿ ತಲುಪಿತಾ? ಕಾಗದ ತಲುಪಿತಾ? ದಿನಾ ಗೇಟಿನ ಹತ್ತಿರ ಹೋಗಿ ನಿಲ್ಲುತ್ತೇನೆ, ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸಿಬಿಡುತ್ತಾನೆ. ಮೈಕ್ರೋಸ್ಕೋಪಿನ ಮುಂದೆ ಕೂತರೆ ಏನೂ ಕಾಣುವುದಿಲ್ಲ. ಅಪ್ಪನಿಗೆ ಮೇಲೂರಿಗೆ ಹೋಗಿ ಬನ್ನಿ ಅಂತ ಬರೆಯೋಣ ಅಂದರೆ, ಅವರಿಗೆ ವಿಷಯವೆಲ್ಲ ಹೇಳಬೇಕು. ನಿನ್ನ ಬಸಿರಿನ ಸುದ್ದಿ ಯಾರಿಗೂ ಹೇಳಬೇಡ ಅಂದಿದ್ದೀಯ.

ಸಿಟ್ಟಿದ್ದರೆ ಇರಲಿ. ಎಲೆ ಬಿಟ್ಟೆಯಾ ಇಲ್ಲವಾ?

ಪಂಕಜ


ಪೂನಾ
3-3-1959

ಶ್ಯಾಮಲಾ,

ನಿನ್ನ ಕಾಗದ ಬಂದಿಲ್ಲ. ಬುಟ್ಟಿ ಬಂದಿದೆ!

ಒಳಗೆ ಚೀಟಿ ಇದೆಯೇನೋ ಅಂತ ಸೊಪ್ಪನ್ನೆಲ್ಲ ಕೆದಕಿದೆ. ಹುಳು ಬಿಟ್ಟು ಇನ್ನೇನೂ ಇರಲಿಲ್ಲ. ಹುಳು ಕಳಿಸುವುದಿಲ್ಲ ಅಂದವಳು ಹುಳು ಕಳಿಸಿದ್ದಾಳೆ, ಒಂದು ಮಾತು ಬರೆದಿಲ್ಲ ಅಂದರೆ ಏನು ತಿಳಿಯಬೇಕು? ಮಗು ಹೋಯಿತು, ಇನ್ನು ನೀನು ಆಟ ಆಡಿಕೋ ಅಂತಲಾ? ಕೇಳಬೇಕಾದದ್ದನ್ನು ಹುಳವನ್ನೇ ಕೇಳೋಣ ಅಂತ ಆಮೇಲೆ ಹೊಳೆಯಿತು.

ಬೆಳಗಿನ ತಿಂಡಿ ಬಿಟ್ಟು ಕೂತೆ. ಮೊದಲನೇ ಹುಳ ಹೆಣ್ಣು. ಎರಡನೆಯದರಲ್ಲಿ ಸಿಕ್ಕಿತು. ಚುಕ್ಕೆಗಳು ಬಂದವು, ನಡುವೆ ಸೇರಿದವು, ನಿಂತವು. ಇದೇ ಜಾಗದಲ್ಲಿ ಎಷ್ಟು ಸಲ ಬೇಸತ್ತು ಎದ್ದು ಹೋಗಿದ್ದೇನೆ. ಈ ಸಲ ಏಳಲಿಲ್ಲ. ಆ ಸಾಲು ಒಂದು ಸಲ ಅಲುಗಿತು. ಆಮೇಲೆ ಮೆಲ್ಲಗೆ ನಡುವೆ ಸೀಳಿತು. ಅರ್ಧ ಆ ಕಡೆ, ಅರ್ಧ ಈ ಕಡೆ, ಸರಿದವು. ಕೋಶದ ಸೊಂಟ ಸಣ್ಣಗಾಯಿತು. ಎರಡಾಯಿತು. ನಾನು ಜೋರಾಗಿ ಅತ್ತುಬಿಟ್ಟೆ. ಫಿಲ್ಮು ಸಿಕ್ಕಿತಲ್ಲ ಅಂತ ಸಂತೋಷಕ್ಕೆ ಅಳುತ್ತಿದ್ದೇನೆ ಅಂತ ಎಲ್ಲರೂ ಬಂದು ಬೆನ್ನು ತಟ್ಟಿದರು. ಕ್ಯಾಮೆರಾ ಓಡುತ್ತಿತ್ತೋ ಇಲ್ಲವೋ ನಾನು ನೋಡಿಯೇ ಇರಲಿಲ್ಲ.

ಸೊಪ್ಪಿಗೆ ಈಗ ಆ ನೀರು ಬೀಳುತ್ತಿಲ್ಲ. ಕೋಶಗಳು ನನಗೆ ಅಷ್ಟು ಹೇಳಿದವು. ನೀನು ಹೇಗಿದ್ದೀಯ ಅಂತ ಅವು ಹೇಳುವುದಿಲ್ಲ, ಅದನ್ನು ನೀನೇ ಬರೆಯಬೇಕು.

ಪಂಕಜ


ಮೇಲೂರು
14-5-1959

ಪಂಕಜಾ,

ಹೆಣ್ಣು ಮಗು. ಏಪ್ರಿಲ್ ಕೊನೆಯಲ್ಲಿ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಾಯಿತು. ಕೈಕಾಲು ಬಡಿಯುತ್ತದೆ, ಅಳುತ್ತದೆ, ನನಗೆ ನಿದ್ದೆ ಕೊಡುವುದಿಲ್ಲ. ಈ ಕಾಗದವನ್ನು ಮೂರು ಕಂತಿನಲ್ಲಿ ಬರೆಯುತ್ತಿದ್ದೇನೆ. ನಿನ್ನ ಹೆಸರಿಡೋಣ ಅಂದರು ನಮ್ಮ ಯಜಮಾನರು. ಇನ್ನೊಬ್ಬಳು ಜಗಳಗಂಟಿ ಬೇಡ ಅಂದೆ.

ಇಷ್ಟು ದಿನ ಬರೆಯಲಿಲ್ಲ. ಮೊದಲು ಸಿಟ್ಟಿತ್ತು. ಆಮೇಲೆ ಭಯ. ಬಿಟ್ಟೆ ಅಂತ ಬರೆದ ಮಾರನೇ ದಿನವೇ ಏನಾದರೂ ಆಗಿಬಿಟ್ಟರೆ ಅಂತ ಪೆನ್ನು ಹಿಡಿಯಲಿಲ್ಲ. ಡಾಕ್ಟರಮ್ಮ ನನ್ನನ್ನು ಮಂಚದಿಂದ ಇಳಿಯಲೂ ಬಿಟ್ಟಿರಲಿಲ್ಲ.

ತಂತಿ ಬಂದ ದಿನದ ಕಥೆ ಕೇಳು. ಶಿಡ್ಲಘಟ್ಟದಿಂದ ಸೈಕಲ್ಲಿನಲ್ಲಿ ತಂತಿಯವನು ಬಂದದ್ದು ಕಂಡೇ ಯಾರೋ ಸತ್ತರೆಂದೇ ತಿಳಿದು ಅತ್ತೆ ತೆಲುಗಿನಲ್ಲಿ 'ಅಯ್ಯೋ, ಎವರು ಪೋಯಿನಾರೋ!' ಅಂತ ಎದೆ ಬಡಿದುಕೊಂಡರು. ಅರ್ಧ ಊರು ಸೇರಿತು. ಸ್ಕೂಲಿನ ಚೆನ್ನರಾಯಪ್ಪ ಮೇಷ್ಟ್ರು ಇಂಗ್ಲಿಷ್ ತಂತಿ ಓದಿ ಕನ್ನಡದಲ್ಲಿ ಹೇಳಿದರು. ಯಾರೂ ಸತ್ತಿಲ್ಲ ಅಂತ ಜನ ಒಂದು ಥರ ಬೇಜಾರಿನಲ್ಲೇ ಚದುರಿದರು. ಅತ್ತೆ ಮಾತ್ರ ನನ್ನನ್ನೇ ನೋಡುತ್ತಿದ್ದರು. 'ಹುಳದ ಎಲೆ ನೀನ್ಯಾಕೆ ಬಾಯಿಗಿಡ್ತೀಯೇ?' ಅಂದರು. ಹೇಳಿದೆ, ನಮ್ಮಮ್ಮ ಕಲಿಸಿದ್ದು, ಮದುವೆಯಾದಾಗಿನಿಂದ ಕದ್ದು ತಿನ್ನುತ್ತಿದ್ದೇನೆ ಅಂತ. ಎಂಜಲು ಮಾಡಿದೆಯಾ ಅಂತ ಬೈಯುತ್ತಾರೆ ಅಂದುಕೊಂಡೆ. ಅವರು ಜಗಲಿಯ ಮೇಲೆ ಕುಸಿದು ಕೂತರು. 'ನಾ ಚಿಮುಕ್ಸಿದ್ದನ್ನ ನೀ ತಿಂದ್ಯಾ ತಲ್ಲೀ? ಒಂದ್ ಮಾತು ಹೇಳ್ಬಾರ್ದಾಗಿತ್ತಾ?' ಅಂದರು.

ನಾಲ್ಕನೆಯ ದಿನ ನಿನ್ನ ಕಾಗದ ಬಂತು. ಎರಡನೇ ಪುಟದವರೆಗೆ ಓದಿ ಹೇಳಿದೆ. ಮುಂಚಿನ ಎರಡರ ಮಾತು ಬಂದ ಕಡೆ ನಿಲ್ಲಿಸಿಬಿಟ್ಟೆ. ಅತ್ತೆ ಸೆರಗು ಕೈಗೆ ಸುತ್ತಿಕೊಂಡು ಬೇಲಿಯ ಬಳ್ಳಿಯನ್ನೆಲ್ಲ ಗಡ್ಡೆ ಸಹಿತ ಅಗೆದು ಸುಟ್ಟರು. ಮಂಡಿ ಊದಿಕೊಂಡು ಎಂಟು ದಿನ ಮಲಗಿದರು. ಹುಳು ನೋಡಿ ನೀನು ಕಣ್ಣೀರು ಹಾಕಿದೆಯಲ್ಲ, ಆ ಬುಟ್ಟಿ ಅವರೇ ಕಟ್ಟಿದ್ದು. ಚೀಟಿ ಬರೆಯಲಾ ಅಂತ ಕೇಳಿದ್ದಕ್ಕೆ, 'ಆ ಹುಡುಗಿ ಒಳಗ್ ಹೊಕ್ಕು ನೋಡ್ತಾಳಲ್ಲ, ನೋಡ್ಲಿ. ನನ್ ಮಾತ್ಯಾಕೆ ನಂಬಬೇಕು?' ಅಂದರು.

ಈಗ ಮೊದಲ ಎಲೆ ಅವರದು. ಎಂಜಲು ಗಿಂಜಲು ಮಾತೇ ಇಲ್ಲ. ಸೊಪ್ಪು ಬಂದ ಕೂಡಲೇ ಒಂದು ಎಲೆ ತೆಗೆದು, ಹಲ್ಲಿಲ್ಲದ ಬಾಯಲ್ಲಿ ನೆನೆಸಿ ನೆನೆಸಿ ನುಂಗಿ, ಸ್ವಲ್ಪ ಹೊತ್ತು ಕೂತು, ಆಮೇಲೆ ಹುಳಕ್ಕೆ ಹಾಕಿ ಅನ್ನುತ್ತಾರೆ. ನನ್ನನ್ನು ಸೊಪ್ಪಿನ ಹತ್ತಿರ ಬಿಡುವುದಿಲ್ಲ.

ಇಷ್ಟು ಬರೆದು ಮುಗಿಸಬಹುದಿತ್ತು. ಆದರೆ ನಿನ್ನ ಹತ್ತಿರ ಒಂದು ಬೇಡಬೇಕು. ಅತ್ತೆ ಮಗುವನ್ನು ಎತ್ತಿಕೊಳ್ಳುವುದಿಲ್ಲ. ಎಣ್ಣೆ ಹಚ್ಚಿ ಅಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಮೊನ್ನೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಹತ್ತಿರ ಬಂದು ಕೇಳಿಯೇಬಿಟ್ಟರು. 'ಮುಂಚಿನ್ ಎರಡೂ ನನ್ನಿಂದ್ಲೇ ಹೋದ್ವೇನೇ?' ಅಂದರು. ಇಲ್ಲ ಅಂದೆ. ಪಂಕಜ ಹಾಗಂತ ಬರೆದಿದ್ದಾಳೆ ಅಂದೆ. 'ಓದು' ಅಂದರು. ಕಾಗದ ಎಲ್ಲೋ ಇದೆ ಅಂದೆ. ಅವರು ನಂಬಲಿಲ್ಲ.

ನಿನ್ನ ನೇಮ ನನಗೆ ಗೊತ್ತು. ಕಾಣದ್ದನ್ನು ಕಂಡೆ ಅನ್ನುವವಳಲ್ಲ ನೀನು. ನನಗೆ ನಿಜ ಏನಿರಬಹುದು ಅನ್ನುವುದೂ ಗೊತ್ತು, ಅದು ನನ್ನ ಹತ್ತಿರವೇ ಇರಲಿ. ಬರೆಯುವುದಾದರೆ ಅವರ ಹೆಸರಿಗೇ ಬರೆ. ನಾನು ಓದಿದರೆ ನಂಬುವುದಿಲ್ಲ, ಚೆನ್ನರಾಯಪ್ಪ ಮೇಷ್ಟ್ರ ಕೈಲಿ ಓದಿಸುತ್ತಾರೆ. ಬರೆಯಲು ಆಗದಿದ್ದರೆ ಬೇಡ, ನಾನು ಸಿಟ್ಟು ಮಾಡಿಕೊಳ್ಳುವುದಿಲ್ಲ.

ನಿನ್ನ
ಶ್ಯಾಮಲ


ಪೂನಾ
22-5-1959

ಪೂಜ್ಯ ಅಕ್ಕಯ್ಯಮ್ಮನವರಿಗೆ, ಶಿಡ್ಲಘಟ್ಟದಲ್ಲಿ ಮೇಷ್ಟ್ರಾಗಿದ್ದ ಪುಟ್ಟಸ್ವಾಮಯ್ಯನವರ ಮಗಳು ಪಂಕಜ ಮಾಡುವ ನಮಸ್ಕಾರಗಳು.

ನೀವು ಕಟ್ಟಿ ಕಳಿಸಿದ ಬುಟ್ಟಿಯ ಹುಳು ಬಹಳ ಚೆನ್ನಾಗಿದ್ದವು. ಅವುಗಳಿಂದ ನನ್ನ ಕೆಲಸ ಕೈಗೂಡಿತು. ಮುಂದಿನ ಬೆಳೆಯಲ್ಲಿ ಬಿತ್ತನೆಗೆ ಸ್ವಲ್ಪ ಗೂಡು ಇಟ್ಟು ನೋಡಿ. ಮೊಟ್ಟೆ ಒಡೆಯುತ್ತವೆ ಅಂತ ನನಗೆ ನಂಬಿಕೆಯಿದೆ.

ಶ್ಯಾಮಲಾಳ ಮುಂಚಿನ ಎರಡು ಬಸಿರಿನ ವಿಷಯ ನೀವು ಕೇಳಿದಿರಂತೆ. ಅವಳಿಗೆ ಬರೆದಿದ್ದ ಕಾಗದ ಕಳೆದುಹೋಗಿದೆಯಂತೆ, ಅದಕ್ಕೆ ಮತ್ತೆ ಬರೆಯುತ್ತಿದ್ದೇನೆ. ಆ ಎರಡೂ ನಿಮ್ಮ ನೀರಿನಿಂದ ಹೋದದ್ದಲ್ಲ. ಒಂದು ಚಿಗುರಿನಲ್ಲಿ ಇರುವ ವಿಷ ಹುಳಕ್ಕೆ ತಾಗುತ್ತದೆ, ಮನುಷ್ಯರಿಗೆ ಅಷ್ಟು ಸಾಲದು. ಎಲೆ ಬಿಡು ಅಂತ ನಾನು ತಂತಿ ಕೊಟ್ಟದ್ದು ಬರೀ ಗಾಬರಿಯಿಂದ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಕೈ ಮನೆಯಲ್ಲಿ ನಿಮ್ಮದೊಂದೇ ಇರುವುದು.

ಇದನ್ನು ನಾನು ಊಹೆಯಿಂದ ಬರೆಯುತ್ತಿಲ್ಲ. ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ಕಂಡು ಬರೆಯುತ್ತಿದ್ದೇನೆ.

ಇಂತಿ ನಿಮ್ಮ ಮಗಳ ಸಮಾನಳಾದ
ಪಂಕಜ